ಬಸವಣ್ಣೆವ್ವನ ಕೌದಿಗೆ ಕತ್ತರಿ ಹಾಕಿದವರು

ರೆಂಟನ್ನಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ವಿಮಾನ ಜೋಡಿಸುವ ಕಾರ್ಖಾನೆಯತ್ತ ಬೆಳಗಿನ ಪಾಳಿಯ ಕಾರುಗಳು ಸಾಲುಗಟ್ಟಿ ಹೋಗುತ್ತಿವೆ. ಆ ರಸ್ತೆಯ ಹಿಂಬದಿಯಲ್ಲಿ, ಒಂದು ಕಾಲಕ್ಕೆ ಟೈರುಗಳ ಗೋದಾಮಾಗಿದ್ದ ಕಟ್ಟಡದ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಬಸವಣ್ಣೆವ್ವ ಒಳಗೆ ಬರುತ್ತಾರೆ. ಉಟ್ಟಿರುವುದು ಇಳಕಲ್ ಸೀರೆ, ಅದರ ಮೇಲೆ ಮಗನ ಹಳೆಯ ಜಾಕೆಟ್, ಕಾಲಿಗೆ ಸೊಸೆ ಕೊಡಿಸಿದ ಬಿಳಿ ಶೂ. ಶೂ ಬಾಗಿಲಲ್ಲೇ ಉಳಿಯುತ್ತದೆ. ಒಳಗಿನ ಸಿಮೆಂಟು ನೆಲ ಕೊರೆಯುತ್ತದೆ, ಆದರೂ ಕೌದಿ ಹಾಸುವ ಜಾಗದಲ್ಲಿ ಮೆಟ್ಟಿಕೊಂಡು ಓಡಾಡುವುದು ಅವರಿಂದಾಗದ ಮಾತು.

ಮೊದಲು ಜಮಖಾನೆ ಹಾಸುತ್ತಾರೆ. ಬಟ್ಟೆಯ ಗಂಟು ಬಿಚ್ಚಿ ದಪ್ಪನೆಯದು, ತೆಳುವಾದದ್ದು ಎಂದು ಬೇರೆ ಮಾಡುತ್ತಾರೆ. ಆಮೇಲೆ ಗೋಡೆಗೆ ಒರಗಿ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಸೂಜಿಗಳಿಗೆ ದಾರ ಪೋಣಿಸಲು ಶುರು. ಬರುವವರಲ್ಲಿ ಹೆಚ್ಚಿನವರು ಸೂಜಿ ಹಿಡಿದು ವರ್ಷಗಳಾಗಿರುತ್ತವೆ, ಕೆಲವರು ಹಿಡಿದೇ ಇರುವುದಿಲ್ಲ. ಅವರಿಗೆಲ್ಲ ದಾರ ಪೋಣಿಸಿದ ಸೂಜಿ ಕೈಗೆ ಸಿಗಬೇಕು. "ಬಂದವ್ರು ಕುಂತ ಕೂಡ್ಲೆ ಒಂದ್ ಹೊಲಿಗಿ ಹಾಕ್ಬೇಕ್ರಿ" ಎನ್ನುತ್ತಾರೆ. "ಇಲ್ಲಂದ್ರ ಫೋನ್ ತಗೀತಾರ."

ಈ ಗೋದಾಮಿನ ಈಗಿನ ಹೆಸರು ಡಾಕ್ ನೈನ್. ಇದೊಂದು ಪ್ರಯೋಗಶೀಲ ಕಲಾಕೇಂದ್ರ. ಎಲ್ಲೆಲ್ಲಿಂದಲೋ ಕಲಾವಿದರು ಬಂದು ಕೆಲವು ತಿಂಗಳು ಇಲ್ಲೇ ಉಳಿದು ಪ್ರಯೋಗ ಮಾಡುತ್ತಾರೆ. ಒಬ್ಬರು ಕೆಟ್ಟ ಫ್ರಿಜ್ಜುಗಳ ಸದ್ದನ್ನು ಪೋಣಿಸಿ ಸಂಗೀತ ಕಚೇರಿ ನಡೆಸಿದರು. ಇನ್ನೊಬ್ಬರು ಹಳೆಯ ಬೂಟುಗಳಲ್ಲಿ ಹುಲ್ಲು ಬೆಳೆಸಿ, ಅದು ಒಣಗುವವರೆಗೂ ಪಕ್ಕದಲ್ಲಿ ಕೂತಿದ್ದರು. ಇರಲಿ, ಅವರವರ ಸಂತೋಷ. ಆದರೆ ಕೇಂದ್ರಕ್ಕೆ ದೇಣಿಗೆ ಕೊಡುವವರು ಊರಿನ ಜನ ಬರುತ್ತಾರೋ ಇಲ್ಲವೋ ಎಂದು ಕೇಳುತ್ತಾರೆ. ಅದಕ್ಕಾಗಿ ಶನಿವಾರಗಳಂದು ಸಮುದಾಯ ಕಾರ್ಯಕ್ರಮ. ಫ್ರಿಜ್ಜಿನ ಕಚೇರಿಗೆ ಜನ ಬರಲಿಲ್ಲ. ಬಸವಣ್ಣೆವ್ವನ ಕೌದಿಗೆ ಬಂದರು, ಬರುತ್ತಲೇ ಇದ್ದಾರೆ.

ಗದಗ ಜಿಲ್ಲೆಯ ನರೇಗಲ್ಲಿನ ಬಸವಣ್ಣೆವ್ವ ಈ ಪರದೇಶಕ್ಕೆ ಬಂದದ್ದು ಪತಿ ಸಂಗನಬಸಪ್ಪ ತೀರಿಕೊಂಡ ಮೇಲೆ. ಮಗ ವಿಜಯೇಂದ್ರ ವಿಮಾನದ ಕಾರ್ಖಾನೆಯಲ್ಲಿ ಎಂಜಿನಿಯರ್, ಸೊಸೆ ವೈಶಾಲಿಗೆ ಸೌತ್ ಲೇಕ್ ಯೂನಿಯನ್ ಎಂಬ ಬಡಾವಣೆಯಲ್ಲಿ ಆಫೀಸು. ಮನೆಯಲ್ಲಿ ಕೊರತೆಯೇನಿಲ್ಲ, ಮಾತಿಗೆ ಮಾತ್ರ ಬರ. ಕಾರು ಓಡಿಸಲು ಬಾರದು, ಇಂಗ್ಲಿಷ್ ಬಾರದು, ಮೊಣಕಾಲು ಮಾತು ಕೇಳದು. ಮೊದಲ ಚಳಿಗಾಲವಿಡೀ ಕಿಟಕಿಯಲ್ಲಿ ಪಾರ್ಕಿಂಗ್ ಜಾಗ ನೋಡುತ್ತ ಕಳೆದರಂತೆ. ಒಂದು ದಿನ ವಾಕಿಂಗ್ ಹೋದಾಗ ಡಾಕ್ ನೈನ್ ಹಿಂದಿನ ಕಸದ ಡಬ್ಬಿಯಲ್ಲಿ ಯಾವುದೋ ಪ್ರದರ್ಶನಕ್ಕೆ ಬಳಸಿ ಬಿಸಾಡಿದ ಬಟ್ಟೆಯ ರಾಶಿ ಕಂಡಿತು. ಗಟ್ಟಿಮುಟ್ಟಾದ ಹತ್ತಿ ಬಟ್ಟೆ. ತಡೆಯಲಾಗದೆ ಎತ್ತಿಕೊಳ್ಳತೊಡಗಿದರು.

ಹಾಗೆ ಎತ್ತಿಕೊಳ್ಳುವಾಗ ಹೊರಗೆ ಬಂದವಳು ಪೂಜಿತಾ. ಬೆಂಗಳೂರಿನ ಹುಡುಗಿ, ಇಲ್ಲೇ ಕಲೆ ಓದಿ ಆಗ ಡಾಕ್ ನೈನ್‌ನಲ್ಲಿ ಕಲಾವಿದೆಯಾಗಿ ಉಳಿದಿದ್ದಳು. ಕಸದ ಡಬ್ಬಿಯ ಪಕ್ಕ ತಮ್ಮಷ್ಟಕ್ಕೆ ಗೊಣಗುತ್ತಿದ್ದವರ ಕನ್ನಡ ಕೇಳಿ ಅವಳು ಹಿಗ್ಗಿದಳು, ಈ ಬಟ್ಟೆ ಏನು ಮಾಡುತ್ತೀರಿ ಎಂದು ಕೇಳಿದಳು. ಬಸವಣ್ಣೆವ್ವ ಮರುದಿನ ಮನೆಯ ಕೌದಿಯೊಂದನ್ನು ತಂದು ತೋರಿಸಿದರು. ಶನಿವಾರದ ಕೌದಿ ಶುರುವಾದದ್ದು ಹೀಗೆ. ಕಲ್ಪನೆ ಪೂಜಿತಾಳದು ಎಂದು ಕೇಂದ್ರದ ಜಾಲತಾಣ ಹೇಳುತ್ತದೆ.

ಜನ ತಮ್ಮ ಹಳೆಯ ಬಟ್ಟೆ ತಂದರು. ಕೆಲಸ ಕಳೆದುಕೊಂಡವರು ಕಂಪನಿಯ ಟೀ ಶರ್ಟ್ ತಂದರು, ಕಾರ್ಖಾನೆಯ ನಿವೃತ್ತ ಫಿಟ್ಟರೊಬ್ಬರು ತಮ್ಮ ನೀಲಿ ಡಂಗರಿ ತಂದರು. ಭಾಷೆ ಬಾರದ ಬಸವಣ್ಣೆವ್ವ ಅವರ ಕೈ ಹಿಡಿದು ಹೊಲಿಗೆ ತಿದ್ದಿದರು. ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ಒಳಗೆ ಬರುವ ಹೊಲಿಗೆ ಅದು. ಕೊನೆಗೆ ಮುಚ್ಚುವುದು ನಟ್ಟನಡುವಿನ ತುಂಡನ್ನು. ಅದಕ್ಕೆ ಕೌದಿಯ ಹೊಟ್ಟೆ ಎಂದು ಹೆಸರು. ಬಸವಣ್ಣೆವ್ವನ ತವರಿನ ಪದ್ಧತಿಯಂತೆ ಆ ಹೊಟ್ಟೆಯೊಳಗೆ ಕಡಕ ರೊಟ್ಟಿಯ ಚೂರೊಂದನ್ನು ಅರಿವೆಯಲ್ಲಿ ಸುತ್ತಿ ಇಟ್ಟು ಹೊಲಿಯಬೇಕು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡದು ಎಂದು ಅವರ ನಂಬಿಕೆ. ಇನ್ನೊಂದು ಕಟ್ಟಳೆಯನ್ನೂ ಅವರು ಮೊದಲ ದಿನವೇ ಹೇಳಿದ್ದರು, ಪೂಜಿತಾಳೇ ಎಲ್ಲರಿಗೂ ಇಂಗ್ಲಿಷಿನಲ್ಲಿ ದಾಟಿಸಿದ್ದಳು. ಕೌದಿ ಮುಗಿದ ಮೇಲೆ ಬಟ್ಟೆ ಕೊಟ್ಟವರ ಮನೆಗಳಿಗೆ ಸರದಿಯಂತೆ ಹೋಗಬೇಕು, ಬಾಣಂತಿ ಇರುವ ಮನೆಗೆ ಮೊದಲು.

ಆ ಬಾಣಂತಿ ಆಗಲಿರುವವಳು ಪಕ್ಕದೂರು ಇಸ್ಸಾಕ್ವಾದ ಶಾಲಿನಿ. ಮೈಸೂರಿನಲ್ಲಿ ತಾಯಿ ತೀರಿಕೊಂಡಾಗ ಅವಳಿಗೆ ಸಮಯಕ್ಕೆ ಸರಿಯಾಗಿ ಹೋಗಲಾಗಲಿಲ್ಲ. ಉಳಿದದ್ದು ಅಮ್ಮ ದಿನವೂ ಉಡುತ್ತಿದ್ದ ಎರಡು ನೂಲಿನ ಸೀರೆ. ಅವನ್ನು ತಂದವಳು ಕತ್ತರಿಸಲು ಕೊಡಲಾರದೆ ಮೂರು ವಾರ ಮಡಿಲಲ್ಲಿಟ್ಟುಕೊಂಡೇ ಕೂತಿದ್ದಳಂತೆ. ಬಸವಣ್ಣೆವ್ವ ಅವಸರ ಮಾಡಲಿಲ್ಲ. ನಾಲ್ಕನೆಯ ವಾರ ಶಾಲಿನಿಯೇ ಮೊದಲ ಪಟ್ಟಿ ಹರಿದುಕೊಟ್ಟಳು. ಆ ಸೀರೆಗಳ ತುಂಡುಗಳನ್ನೆಲ್ಲ ಕೌದಿಯ ನಡುವೆ, ಹೊಟ್ಟೆಯ ಸುತ್ತ ಕೂಡಿಸಿದರು. ಕೂಸನ್ನು ಮಲಗಿಸುವುದು ಅಲ್ಲಿಯೇ ಎಂಬ ಲೆಕ್ಕ.

ಕೌದಿ ಮುಗಿಯಿತು. ಶಾಲಿನಿಯ ಮನೆಗೆ ಹೋಗಲಿಲ್ಲ. ಡಾಕ್ ನೈನ್‌ನ ದೊಡ್ಡ ಗೋಡೆಗೆ ಹೋಯಿತು, ಯಾರ ಕೈಗೂ ಎಟುಕದಷ್ಟು ಎತ್ತರಕ್ಕೆ. ಕೆಳಗಿನ ಫಲಕದಲ್ಲಿ ಪೂಜಿತಾಳ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಸಮುದಾಯದ ಕೈಗಳೊಂದಿಗೆ". ಉದ್ಘಾಟನೆಯ ಸಂಜೆ ಅಂಚಿನಲ್ಲಿ ದಾರವೊಂದು ಜೋತುಬಿದ್ದದ್ದನ್ನು ಕಂಡು ಬಸವಣ್ಣೆವ್ವ ಕುರ್ಚಿ ಎಳೆದು ಹತ್ತಲು ಹೋದರು. ಕೊರಳಿಗೆ ಬಿಲ್ಲೆ ಹಾಕಿಕೊಂಡ ಹುಡುಗನೊಬ್ಬ ಓಡಿ ಬಂದು, ಕಲಾಕೃತಿಯನ್ನು ಮುಟ್ಟಬಾರದು ಎಂದು ನಯವಾಗಿ ಇಳಿಸಿದ.

ನಮ್ಮವರೇನು ಕಡಿಮೆಯೇ? ಇಲ್ಲಿನ ಕನ್ನಡ ಬಳಗವೊಂದು ಮುಂದಿನ ಸಮಾರಂಭದಲ್ಲಿ ಪೂಜಿತಾಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಗ್ರಾಮೀಣ ಕಲೆಯನ್ನು ಜಗತ್ತಿಗೆ ಪರಿಚಯಿಸಿದ ಪ್ರತಿಭೆ ಎಂದು ಹೊಗಳಿತು. ಅದೇ ಸಮಾರಂಭಕ್ಕೆ ಬೆಳಗಿನಿಂದ ರೊಟ್ಟಿ ತಟ್ಟಿದವರು ಯಾರೆಂದು ಬೇರೆ ಹೇಳಬೇಕಿಲ್ಲ. ಊಟದ ಸಾಲಿನಲ್ಲಿ ಎಲ್ಲರೂ "ಸೂಪರ್ ಆಂಟಿ" ಎಂದರು. ಆಂಟಿಯ ಹೆಸರು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ನಾವು ಪತ್ರಿಕೆಯವರು ಕೈತೊಳೆದುಕೊಳ್ಳುತ್ತೇವೆ. ಇಲ್ಲಿ ಎಲೆ ತಾನಾಗಿ ಅಡ್ಡ ಬೆಳೆದದ್ದಲ್ಲ, ತಂದು ಅಡ್ಡ ಹಿಡಿದದ್ದು. ಹಿಡಿದವರ ಕೈಗಳೂ ಕಾಣುತ್ತಲೇ ಇವೆ.

ಹೆಸರಿನ ಬಗ್ಗೆ ಬಸವಣ್ಣೆವ್ವ ತಲೆ ಕೆಡಿಸಿಕೊಂಡವರಲ್ಲ. ಕೌದಿ ಯಾವಾಗ ಇಳಿಯುತ್ತದೆ ಎಂದಷ್ಟೇ ಶನಿವಾರ ಶನಿವಾರ ಕೇಳುತ್ತಿದ್ದರು. ಇಳಿಸುತ್ತೇವೆ ಆಂಟಿ, ಇಳಿಸುತ್ತೇವೆ ಎಂದು ಪೂಜಿತಾ ಹೇಳುತ್ತಲೇ ಇದ್ದಳು. ಶಾಲಿನಿಗೆ ದಿನ ತುಂಬುತ್ತ ಬಂತು.

ಹೋದ ವಾರ ಪೂಜಿತಾ ವೈಶಾಲಿಗೆ ಫೋನ್ ಮಾಡಿದಳು. ಕೌದಿ ಬೇರೊಂದು ಊರಿನ ಪ್ರದರ್ಶನಕ್ಕೆ ಹೊರಟಿದೆ, ಒಂದು ಸಣ್ಣ ಡ್ಯಾಮೇಜ್ ಆಗಿದೆ, ಆಂಟಿಯೇ ಬಂದು ಸರಿ ಮಾಡಿಕೊಡಬೇಕು. ವೈಶಾಲಿ ರಜೆ ಹಾಕಿ ಅತ್ತೆಯನ್ನು ಕರೆದೊಯ್ದರು. ಈ ಲೇಖನಕ್ಕೆಂದು ಅವರ ಬೆನ್ನು ಹತ್ತಿದ್ದ ನಾನೂ ಜೊತೆಗೆ ಹೋದೆ.

ಉದ್ದನೆಯ ಮೇಜಿನ ಮೇಲೆ ಕೌದಿ ಹರಡಿತ್ತು. ಹೊಟ್ಟೆಯ ಜಾಗದಲ್ಲಿ ಅಂಗೈಯಗಲ ಕತ್ತರಿಸಿದ್ದರು. ನಡೆದದ್ದು ಇಷ್ಟು. ಸಾಗಿಸುವ ಮೊದಲು ತಪಾಸಣೆ ಮಾಡಿದ ತಜ್ಞರಿಗೆ ಒಳಗೆ ಆಹಾರ ಪದಾರ್ಥ ಇರುವುದು ಗೊತ್ತಾಯಿತು. ಹುಳ ಬಿದ್ದೀತೆಂದು ಇಡೀ ಕೌದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೊಡ್ಡ ಫ್ರೀಜರಿನಲ್ಲಿಟ್ಟರು. ಆಮೇಲೆ ಹೊಟ್ಟೆ ಸೀಳಿ ರೊಟ್ಟಿ ತೆಗೆದರು. ಬೆಚ್ಚಗಿರಲೆಂದು ಹೊಲಿದದ್ದನ್ನು ಹಿಮದ ಪೆಟ್ಟಿಗೆಯಲ್ಲಿಟ್ಟು, ಹಸಿಯಬಾರದೆಂದು ಇಟ್ಟ ತುತ್ತನ್ನು ಕಿತ್ತು, ಅದಕ್ಕೆ ಸಂರಕ್ಷಣೆ ಎಂದು ಹೆಸರಿಟ್ಟಿದ್ದಾರೆ.

ಬಸವಣ್ಣೆವ್ವ ಆ ತೂತಿನಲ್ಲಿ ಬೆರಳಾಡಿಸಿದರು. ರೊಟ್ಟಿ ಎಲ್ಲಿ ಎಂದು ಕೇಳಿದರು. ಎಸೆದುಬಿಟ್ಟರು ಎಂದಳು ಪೂಜಿತಾ, ಮುಖ ಆ ಕಡೆ ಮಾಡಿಕೊಂಡು. ಯಾವಾಗ ವಾಪಸ್ ಬರುತ್ತದೆ ಎಂಬುದು ಎರಡನೆಯ ಪ್ರಶ್ನೆ. ಎರಡು ವರ್ಷ ಎಂಬುದು ಉತ್ತರ.

ಕೇಂದ್ರದ ನಿರ್ದೇಶಕಿಯೂ ಅಲ್ಲಿದ್ದರು. ತುಂಬ ಮೆದು ಮಾತಿನವರು. ಶಾಲಿನಿಯ ಹೆರಿಗೆಯ ವಿಷಯವನ್ನು ವೈಶಾಲಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಾಗ ಅವರ ಕಣ್ಣು ತೇವವಾಯಿತು. ಆದರೆ ಕೃತಿ ಸಮುದಾಯಕ್ಕೆ ಸೇರಿದ್ದು, ಆದ್ದರಿಂದ ಸಮುದಾಯದ ಯಾರೊಬ್ಬರಿಗೂ ಕೊಡಲು ಬರುವುದಿಲ್ಲ ಎಂದರು. ಈ ಮಾತನ್ನು ನಾನು ಎರಡು ಸಲ ಕೇಳಿಸಿಕೊಂಡೆ. ಎರಡು ಸಲವೂ ಅವರು ನಗಲಿಲ್ಲ.

ವೈಶಾಲಿ ಅದನ್ನು ಕನ್ನಡಕ್ಕೆ ತಂದರು. ಬಸವಣ್ಣೆವ್ವ ಗೋಡೆಯನ್ನೊಮ್ಮೆ ನೋಡಿದರು.

"ಗ್ವಾಡಿಗೇನ್ ಚಳಿ ಆಗ್ತೈತೇನವಾ?" ಎಂದು ಪೂಜಿತಾಳನ್ನು ಕೇಳಿದರು. ದನಿ ಏರಲಿಲ್ಲ.

ಬಸವಣ್ಣೆವ್ವ ಕುರ್ಚಿ ಎಳೆದುಕೊಂಡು ಕೂತರು, ಕನ್ನಡಕ ಇಳಿಸಿದರು, ಚೀಲದಿಂದ ಕತ್ತರಿ ತೆಗೆದರು. ಸೂಜಿಯನ್ನು ತೆಗೆಯಲೇ ಇಲ್ಲ. ಹೊಟ್ಟೆಯ ಅಂಚಿನ ಹೊಲಿಗೆಯೊಂದನ್ನು ಎತ್ತಿ ಕತ್ತರಿಸಿ ದಾರ ಎಳೆದರು. ಇನ್ನೊಂದು. ಮತ್ತೊಂದು. ಕೊನೆಗೆ ಹಾಕಿದ ಸುತ್ತು ಮೊದಲು ಬಿಚ್ಚಿಕೊಂಡಿತು. ಅವರು ಹೊಲಿಯುತ್ತಿಲ್ಲ, ಬಿಚ್ಚುತ್ತಿದ್ದಾರೆ ಎಂಬುದು ಅರ್ಥವಾಗಲು ನಮಗೆಲ್ಲ ಸ್ವಲ್ಪ ಹೊತ್ತು ಬೇಕಾಯಿತು. ಶಾಲಿನಿಯ ತಾಯಿಯ ಸೀರೆಯ ಮೊದಲ ತುಂಡು ಬಿಡುಗಡೆಯಾಗಿ ಮಡಿಲಿಗೆ ಬಂತು.

"ಆಂಟಿ, ಪ್ಲೀಸ್, ಇದು ಈಗ ಕಲೆಕ್ಷನ್‌ಗೆ ಸೇರಿದೆ. ನಂಗೆ ಪ್ರಾಬ್ಲಮ್ ಆಗುತ್ತೆ" ಎಂದಳು ಪೂಜಿತಾ.

"ಹೊಲ್ದಾಕಿ ನಾನಽ. ಬಿಚ್ಚಾಕಿನೂ ನಾನಽ. ಉಳದವ್ರ ಅರಿವಿಗಿ ನಾ ಕೈ ಹಚ್ಚಂಗಿಲ್ಲ. ಅಕಿ ಅವ್ವನ ಸೀರಿ ಅಷ್ಟ ಒಯ್ತೇನಿ. ಅಕಿಗೆ ನಾ ಮಾತ್ ಕೊಟ್ಟೀನಿ, ತಂಗಿ. ಆ ಮಾತ್ ಎಲ್ಲಾರಿಗೂ ಇಂಗ್ಲಿಷ್‌ನಾಗ ಹೇಳ್ದಾಕಿ ನೀನಽ."

ಏನು ನಡೆಯುತ್ತಿದೆ ಎಂದು ನಿರ್ದೇಶಕಿ ಕೇಳಿದರು. ಪೂಜಿತಾ ಒಂದು ಕ್ಷಣ ಬಸವಣ್ಣೆವ್ವನ ಕೈಗಳನ್ನೇ ನೋಡಿದಳು. ರಿಪೇರಿ ನಡೆಯುತ್ತಿದೆ ಎಂದು ಇಂಗ್ಲಿಷಿನಲ್ಲಿ ಉತ್ತರಿಸಿ, ಮೇಜಿನ ಆ ಬದಿಗೆ ಹೋಗಿ ಕೌದಿ ಜಾರದಂತೆ ಹಿಡಿದುಕೊಂಡಳು. ಇಷ್ಟು ದಿನದಲ್ಲಿ ಅವಳು ಮಾಡಿದ ಒಂದೇ ಸರಿಯಾದ ಕೆಲಸವದು. ಅದಕ್ಕೂ ಸುಳ್ಳು ಹೇಳಬೇಕಾಯಿತು.

ಎರಡೂ ಸೀರೆಗಳ ತುಂಡುಗಳು ಹೊರಬಂದಾಗ ಕೌದಿಯ ನಡುವೆ ಎದೆಯಗಲದ ತೂತು ಬಿದ್ದಿತ್ತು. ಈಗ ಗದ್ದಲವಾಗುತ್ತದೆ ಎಂದು ನಾನು ಕಾದೆ. ಆಗಲಿಲ್ಲ. ನಿರ್ದೇಶಕಿ ಆ ತೂತನ್ನು ಬಹಳ ಹೊತ್ತು ನೋಡಿ, ಕೃತಿ ಈಗ ಇನ್ನಷ್ಟು ಶಕ್ತಿಯುತವಾಗಿದೆ ಎಂದರು. ಹಾಗೆಯೇ ಕಳಿಸೋಣ ಎಂದರು. ಫಲಕಕ್ಕೆ "ಶೂನ್ಯ" ಎಂಬ ಹೊಸ ಹೆಸರು ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬ ಹೆಂಗಸು ಕಣ್ಣೆದುರೇ ಕೂತು, ಕತ್ತರಿ ಹಿಡಿದು ಇದು ತಪ್ಪು ಎಂದು ಹೇಳಿದರೂ, ಅದನ್ನೂ ಗೋಡೆಗೆ ನೇತುಹಾಕಬಲ್ಲವರಿಗೆ ಇನ್ನೇನು ಹೇಳಿದರೆ ತಟ್ಟೀತು? ಆ ಫಲಕದಲ್ಲೂ ಬಸವಣ್ಣೆವ್ವನ ಹೆಸರಿಲ್ಲ.

ಇವತ್ತು ಶನಿವಾರ. ಇಷ್ಟಾದ ಮೇಲೂ ಇಲ್ಲಿಗೇಕೆ ಬರುತ್ತೀರಿ ಎಂದು ಕೇಳುತ್ತೇನೆ. ಜನ ಬರುತ್ತಾರಲ್ಲ, ಅವರ ತಪ್ಪೇನು ಎನ್ನುತ್ತಾರೆ. ಕಟ್ಟಳೆ ಮಾತ್ರ ಬದಲಾಗಿದೆ. ಇನ್ನು ಮೇಲೆ ದೊಡ್ಡ ಕೌದಿ ಇಲ್ಲ. ಅವರವರ ಬಟ್ಟೆಯದು ಅವರವರಿಗೇ ಸಣ್ಣದೊಂದು, ಸಂಜೆ ಹೋಗುವಾಗ ಮುಗಿದಷ್ಟನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಒಯ್ಯಬೇಕು. ಇದನ್ನು ಹೇಳಲು ಅವರಿಗೆ ದುಭಾಷಿ ಬೇಕಿಲ್ಲ. ಬಟ್ಟೆ ಮಡಚಿ ಬಂದವರ ಕಂಕುಳಿಗೆ ತುರುಕಿ ಬಾಗಿಲು ತೋರಿಸಿದರೆ ಎಲ್ಲರಿಗೂ ತಿಳಿಯುತ್ತದೆ.

ಮಡಿಲಲ್ಲಿರುವುದು ಕೂಸಿನಳತೆಯ ಕೌದಿ, ಎರಡೇ ಸೀರೆಗಳದು. ಹೊಟ್ಟೆ ಮುಚ್ಚಿ ಕೊನೆಯ ದಾರಕ್ಕೆ ಗಂಟು ಹಾಕುತ್ತಾರೆ. ಮಧ್ಯಾಹ್ನ ವೈಶಾಲಿ ಇವರನ್ನು ಇಸ್ಸಾಕ್ವಾಕ್ಕೆ ಕರೆದೊಯ್ಯಲಿದ್ದಾರೆ. ಶಾಲಿನಿಗೆ ಮೊನ್ನೆ ಹೆಣ್ಣುಮಗು ಹುಟ್ಟಿದೆ. ಹಳೆಯದಾದಂತೆ ಈ ಕೌದಿಗೂ ಒಳ್ಳೆಯ ಬೆಲೆ ಬಂದು, ಇನ್ಯಾರಾದರೂ ಮತ್ತೆ ಗೋಡೆಗೆ ಹಾಕಿದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ನನ್ನ ದನಿಯಲ್ಲಿದ್ದ ಸಿಟ್ಟು ಅವರಿಗೆ ಕೇಳಿಸಿರಬೇಕು. ಹಲ್ಲಿನಿಂದ ದಾರ ಕಚ್ಚಿ ಹರಿದು, ಕೌದಿಯನ್ನು ಕೊಡವಿ, ಮೊದಲ ಸಲ ನಗುತ್ತಾರೆ.

"ಕೂಸು ಇದ್ರ ಮ್ಯಾಲ ಉಚ್ಚಿ ಹೊಯ್ಲಿ, ತಮ್ಮಾ. ಆಮ್ಯಾಲ ಯಾವನು ಗ್ವಾಡಿಗೆ ಹಾಕ್ತಾನ, ನೋಡೂಣು."