ಗ್ಯಾಸ್ ಒಲೆ ರಿಪೇರಿಯ ಕೃಷ್ಣಾನಂದ ಮುಚ್ಚಿಟ್ಟದ್ದು

ಹೊನ್ನಾವರದಿಂದ ಕುಮಟಾದವರೆಗೆ ಗ್ಯಾಸ್ ಒಲೆ ರಿಪೇರಿಯೆಂದರೆ ಕೃಷ್ಣಾನಂದನೇ ಬರಬೇಕು. ಇಪ್ಪತ್ತಾರು ವರ್ಷದ ಕಸುಬು. ಅಡುಗೆಮನೆಗೆ ಕಾಲಿಟ್ಟವನೇ ಗ್ಯಾಸ್ ಎಲ್ಲಿ ಸೋರುತ್ತಿದೆಯೆಂದು ಹೇಳಿಬಿಡುತ್ತಿದ್ದ. ಪೈಪಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೋ ಎಂದು ನೋಡುವ ಅಗತ್ಯವೇ ಅವನಿಗೆ ಇರಲಿಲ್ಲ.

ಕೊರೋನಾ ಬಂದು ಹೋದ ಮೇಲೆ ಅವನಿಗೆ ವಾಸನೆ ತಿಳಿಯದಾಯಿತು. ಹೆಂಡತಿ ಮಹಾಲಕ್ಷ್ಮಿಗೂ ಹೇಳಲಿಲ್ಲ. ಅವಳು ಒಣಮೀನು ಸುಟ್ಟಾಗ, "ಘಮ ಅಂದ್ರೆ ಇದು" ಎಂದು ಸುಳ್ಳೇ ಹೊಗಳಿದ. ಕೆಲವು ದಿನ ಸೋಪಿನ ನೊರೆ ಹಚ್ಚಿ ನೋಡಿದ. "ಎಂತ ಕೃಷ್ಣಾನಂದ, ಮೂಗಿಗೆ ವಯಸ್ಸಾತಾ?" ಎಂದು ಯಾರೋ ನಕ್ಕರು. ಅಂದಿನಿಂದ ಅದನ್ನೂ ಬಿಟ್ಟ.

ಹೀಗೇ ಅಂದಾಜಿನ ಮೇಲೆ ಎರಡೂವರೆ ವರ್ಷ ನಡೆಸಿದ. ಆಗ ಪವಿತ್ರಾ ಅವನನ್ನು ಹುಡುಕಿಕೊಂಡು ಬಂದಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಅವಳ ಕೈಯಲ್ಲಿ ಬೆಂಕಿಪೊಟ್ಟಣದಷ್ಟು ಪುಟ್ಟ ಪೆಟ್ಟಿಗೆಯಿತ್ತು.

"ಇದರೊಳಗೆ ತವರದ ಆಕ್ಸೈಡಿನ ನ್ಯಾನೋ ಕಣಗಳ ಲೇಪ ಇದೆ, ಕೃಷ್ಣಾನಂದಣ್ಣ. ಒಂದು ಕೂದಲಿನ ದಪ್ಪದಲ್ಲಿ ಸಾವಿರಾರು ಕಣ ಹಿಡೀತವೆ, ಅಷ್ಟು ಸಣ್ಣ. ಗ್ಯಾಸ್ ತಾಗಿದ ಕೂಡಲೇ ಲೇಪದಲ್ಲಿ ಕರೆಂಟ್ ಹರಿಯೂದು ಬದಲಾಗ್ತದೆ, ಇದು ಕೂಗ್ತದೆ. ಹೋದ ಮನೆಯಲ್ಲೆಲ್ಲ ಇಟ್ಟು ನೋಡಿ. ಇದು ಎಂತ ಹೇಳ್ತು, ನಿಮ್ಮ ಮೂಗು ಎಂತ ಹೇಳ್ತು, ಎರಡನ್ನೂ ಈ ಪುಸ್ತಕದಲ್ಲಿ ಬರೀರಿ. ನಿಮ್ಮ ಮೂಗೇ ನಮಗೆ ಅಳತೆಗೋಲು."

ಆಗಲೇ ಹೇಳಬಹುದಿತ್ತು. "ಆತು ಅಕ್ಕೋರೇ" ಎಂದು ಪೆಟ್ಟಿಗೆ ಇಸಿದುಕೊಂಡ.

ಪೆಟ್ಟಿಗೆ ಕೂಗಿದಾಗಲೆಲ್ಲ, ಅದು ಸುಮ್ಮನೆ ಕೂಗುತ್ತದೆಂದುಕೊಂಡು ಅವನು 'ವಾಸನೆ ಇಲ್ಲ' ಎಂದು ಬರೆದ. ಪವಿತ್ರಾ ಅದನ್ನು ಓದಿ ತನ್ನ ಲೇಪದಲ್ಲೇ ದೋಷವೆಂದುಕೊಂಡು, ನಾಲ್ಕು ತಿಂಗಳಲ್ಲಿ ಮೂರು ಸಲ ಹೊಸದಾಗಿ ಮಾಡಿದಳು.

ಬಾಡ ಊರಿನ ತಿಮ್ಮಕ್ಕ ಒಂಟಿ ಹೆಂಗಸು. ಸಣ್ಣಗೆ ಗ್ಯಾಸಿನ ವಾಸನೆ ಬಂದಂತಾಯಿತೆಂದು ಒಂದು ಬೆಳಿಗ್ಗೆ ಅವಳೇ ಕರೆಸಿದಳು. ಕೃಷ್ಣಾನಂದ ಪೈಪು ಬದಲಿಸಿ, ಬಗ್ಗಿ ಮೂಸಿದಂತೆ ಮಾಡಿದ. ಸಿಲಿಂಡರಿನ ಬುಡದಲ್ಲಿಟ್ಟ ಪೆಟ್ಟಿಗೆ ಕೂಗತೊಡಗಿತು. ಅವನು ಅದರ ಬಾಯಿ ಮುಚ್ಚಿಸಿದ.

"ಹೊಸ ಮಷಿನ್ನು, ಸುಮ್ನೆ ಕೂಗ್ತದೆ. ಎಂತಾ ಇಲ್ಲ. ಹಚ್ಚು."

ಅವಳು ಕಡ್ಡಿ ಗೀರಿದಳು. ಕಟ್ಟೆಯ ಅಡಿಯಿಂದ ಬೆಂಕಿ ಭಗ್ಗೆಂದು ಎದ್ದಿತು. ಅವನು ಒದ್ದೆ ಗೋಣಿ ಎಸೆದು ಬೆಂಕಿ ಆರಿಸಿ, ಸಿಲಿಂಡರ್ ಬಂದ್ ಮಾಡುವಷ್ಟರಲ್ಲಿ ತಿಮ್ಮಕ್ಕನ ಬಲಗೈ ಮೊಣಕೈವರೆಗೆ ಸುಟ್ಟಿತ್ತು.

ಕುಮಟಾದ ಆಸ್ಪತ್ರೆಯಲ್ಲಿ ನೋಡಲು ಬಂದವರಿಗೆಲ್ಲ ಅವಳು, "ಕೃಷ್ಣಾನಂದ ಇದ್ದ, ಹಂಗಾಗಿ ಜೀವ ಉಳೀತು" ಎನ್ನುತ್ತಿದ್ದಳು. ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅವನಿಗೆ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮೂರನೆಯ ದಿನ ಅವಳ ಮಂಚದ ಪಕ್ಕ ನಿಂತು ಹೇಳಿದ. "ತಿಮ್ಮಕ್ಕ, ನಂಗೆ ವಾಸನೆ ಬರೂದಿಲ್ಲ. ಮೂರು ವರ್ಷ ಆತು."

ಅವಳು ಬ್ಯಾಂಡೇಜು ಸುತ್ತಿದ ಕೈ ನೋಡಿಕೊಂಡಳು. "ಕಡ್ಡಿ ಗೀರೂಕಿಂತ ಮೊದಲು ವಾಸನೆ ನಂಗೆ ಬಂದಿತ್ತು, ತಮಾ. ನೀನು ಇಲ್ಲ ಅಂದ್ಯಲ್ಲ. ನನ್ನ ಮೂಗೇ ಸುಳ್ಳು ಅಂದ್ಕಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ತಲೆ ತಗ್ಗಿಸಿಕೊಂಡೇ ಹೊರಬಿದ್ದು, ಬಸ್ಸು ಹತ್ತಿ ನೇರ ಕಾಲೇಜಿಗೆ ಹೋದ. ಎಲ್ಲ ಕೇಳಿದ ಪವಿತ್ರಾ ಪುಸ್ತಕದ ಪುಟ ತಿರುವುತ್ತ ಕುಳಿತಳು.

"ಪೆಟ್ಟಿಗೆ ಕೂಗಿ ನೀವು ಇಲ್ಲ ಅಂತ ಬರೆದ ಮನೆ ಹದಿನೇಳು. ಮೊದಲು ಅಲ್ಲಿಗೆ ಹೋಗ್ವ. ಈಗಲೇ."

ಹದಿನೇಳರಲ್ಲಿ ಹನ್ನೊಂದು ಕಡೆ ಗ್ಯಾಸ್ ಸೋರುತ್ತಲೇ ಇತ್ತು. ಪ್ರತಿ ಮನೆಯಲ್ಲೂ ತನಗೆ ವಾಸನೆ ತಿಳಿಯದೆಂದು ಅವನೇ ಬಾಯಿಬಿಟ್ಟು ಹೇಳಿದ. ಹೊನ್ನಾವರದಲ್ಲೊಬ್ಬ ಅವನ ಸಾಮಾನಿನ ಚೀಲ ಕಿತ್ತು ಅಂಗಳಕ್ಕೆ ಎಸೆದ. ಕೃಷ್ಣಾನಂದ ಸ್ಪ್ಯಾನರುಗಳನ್ನು ಒಂದೊಂದಾಗಿ ಆರಿಸಿಕೊಂಡು, "ಒಳಗಿನ ವಾಶರ್ ಬದಲಿಸಿ ಹೋಗ್ತೆ, ಒಡೆಯಾ" ಎಂದು ಬಾಗಿಲಲ್ಲೇ ಕಾದು ನಿಂತ.