ಗುರುಬಸವ್ವನ ದುಂಡು ಕುಂಕುಮ

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರಘೋತ್ತಮನ ಫೋಟೋ ಸ್ಟುಡಿಯೋ ಮೂವತ್ತೆರಡು ವರ್ಷದಿಂದ ಇದೆ. ಅಪ್ಪನ ಪೌರೋಹಿತ್ಯ ಅವನಿಗೆ ಒಗ್ಗಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಧಾರವಾಡಕ್ಕೆ ಹೋಗಿ ನೆಗೆಟಿವ್ ತಿದ್ದುವುದನ್ನು ಕಲಿತ. ಚೂಪು ಪೆನ್ಸಿಲ್ಲಿನಿಂದ ಮೊಡವೆ ಅಳಿಸುವುದು, ಕಣ್ಣ ಕೆಳಗಿನ ಕಪ್ಪನ್ನು ತಿಳಿ ಮಾಡುವುದು ಅವನಿಗೆ ಬೇಗ ಕೈಗೆ ಬಂತು. ಪಟ್ಟಿ ಹಿಡಿದು ಅಳೆದವನೇ ಅಲ್ಲ. ಯಾರಾದರೂ ಕೇಳಿದರೆ, "ನನ್ನ ಕಣ್ಣ ನನಗ ಅಳತಿ" ಎನ್ನುತ್ತಿದ್ದ.

ಮದುವೆಯ ಫೋಟೋಗಳು ಹೊಸ ಹುಡುಗರ ಪಾಲಾದ ಮೇಲೆ ಅವನಿಗೆ ಉಳಿದದ್ದು ತೀರಿಕೊಂಡವರ ಫೋಟೋ. ಮನೆಯವರು ಮೊಬೈಲಿನಲ್ಲಿ ಯಾವುದೋ ಗುಂಪಿನ ಚಿತ್ರ ತರುತ್ತಾರೆ. ಅದರಿಂದ ಒಂದು ಮುಖ ಬಿಡಿಸಿ, ಹಿಂದೆ ನೀಲಿ ಬಣ್ಣ ತುಂಬಿ, ಬೆಳಗಾವಿಯ ಲ್ಯಾಬಿಗೆ ಕಳಿಸಿದರೆ ಕಟ್ಟು ಹಾಕಿದ ಫೋಟೋ ಮರುದಿನದ ಬಸ್ಸಿಗೆ ಕಾಗದ ಸುತ್ತಿಕೊಂಡು ಬರುತ್ತದೆ. ಆ ಕಾಗದವನ್ನು ಅವನು ಬಿಚ್ಚುವುದಿಲ್ಲ. ಸತ್ತವರ ಮುಖ ಮೊದಲು ಮನೆಯವರೇ ನೋಡಬೇಕು ಎನ್ನುವುದು ಅವನ ಪದ್ಧತಿ.

ಹೋದ ಶ್ರಾವಣದಲ್ಲಿ ಅವನ ಹಳೆಯ ಚೌಕ ಮಾನಿಟರ್ ಕೆಟ್ಟಿತು. ಯಾರೋ ಬಳಸಿ ಬಿಟ್ಟ ಅಗಲದ ಮಾನಿಟರ್ ತಂದು, ಹಳೆಯ ತಂತಿಗೆ ಕನ್ವರ್ಟರ್ ಸಿಕ್ಕಿಸಿ ಜೋಡಿಸಿದ. ಕಂಪ್ಯೂಟರಿನಲ್ಲಿ ಇದ್ದದ್ದು ಲಿನಕ್ಸ್ ತಂತ್ರಾಂಶ. ಅದಕ್ಕೆ ಹೊಸ ಪರದೆಯ ಗುರುತು ಸಿಗದೆ, ಹಳೆಯ ಚೌಕ ಚಿತ್ರವನ್ನೇ ಎಳೆದು ಅಗಲದ ತುಂಬ ಹರಡಿತು. ಮುಖಗಳೆಲ್ಲ ಅಡ್ಡಡ್ಡ ಊದಿಕೊಂಡವು. ರಘೋತ್ತಮ ಅದನ್ನು ಮೊಬೈಲ್ ಕ್ಯಾಮೆರಾದ ದೋಷ ಎಂದುಕೊಂಡ. ಮೌಸ್ ಹಿಡಿದು, ಕಣ್ಣಿಗೆ ಸರಿ ಎನಿಸುವವರೆಗೆ ಒಂದೊಂದು ಮುಖವನ್ನೂ ಎರಡು ಬದಿಯಿಂದ ಒಳಕ್ಕೆ ದಬ್ಬಿದ.

ಹಾಗೆ ದಬ್ಬಿದ ಮುಖಗಳಲ್ಲಿ ಮುರಗೋಡದ ಗುರುಬಸವ್ವನದೂ ಒಂದು. ಅವಳು ತೀರಿಕೊಂಡ ಮೇಲಿನ ಶಿವಗಣಾರಾಧನೆ ಮುಗಿದು ವಾರಕ್ಕೆ ಅವಳ ಸೊಸೆ ವಿಜಯ ಫೋಟೋ ಎತ್ತಿಕೊಂಡು ಸ್ಟುಡಿಯೋಕ್ಕೆ ಬಂದಳು.

"ನಮ್ಮತ್ತಿ ಇಷ್ಟ ಸಣಕಲ ಇದ್ದಿಲ್ರಿ. ಬಂದ ಮಂದಿ ಎಲ್ಲಾ ಗ್ವಾಡಿ ಮ್ಯಾಲಿನ ಫೋಟೋ ನೋಡಿ ನನ್ನ ಮಾರಿ ನೋಡ್ತಾರ. ಸೊಸಿ ಹೊಟ್ಟಿಗಿ ಹಾಕಿಲ್ಲ ಅಂತ ಅತ್ತಿ ತಂಗಿ ರಾಚವ್ವ ಎಲ್ಲಾರ ಮುಂದ ಅಂದ್ಲು."

"ಕಡೀ ದಿನದಾಗ ಇಳದಿರ್ತಾರವ್ವಾ," ಎಂದ ರಘೋತ್ತಮ.

"ಇದು ಯಾರದೋ ಮದವಿಯಾಗ ತಗದದ್ದು, ಜಡ್ಡ ಬರೂಕಿಂತ ಮೊದಲ. ಕುಂಕುಮರ ನೋಡ್ರಿ. ರೂಪಾಯಿ ಹಂಗ ದುಂಡಗ ಇಡತಿದ್ದಳು. ಇದು ಬದಾಮಿ ಆಗೇತಿ."

ಅವನು ಕುಂಕುಮ ನೋಡಲಿಲ್ಲ. ನಲವತ್ತು ವರ್ಷ ಮುಖ ತಿದ್ದಿದವನಿಗೆ ಮುಖ ಹೇಳಿಕೊಡಲು ಬಂದವಳನ್ನು ನೋಡಿದ. "ಯಂತ್ರ ಸುಳ್ಳ ಹೇಳೂದಿಲ್ಲವ್ವಾ. ಇದ್ದದ್ದನ್ನ ತೋರಸ್ತದ," ಎಂದ. ವಿಜಯ ಸೆರಗಿನಿಂದ ಗಾಜು ಒರೆಸಿ, ಫೋಟೋ ಎತ್ತಿಕೊಂಡು ಹೋದಳು.

ಎರಡು ತಿಂಗಳ ನಂತರ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಜ್ಯೋತ್ಸ್ನಾ ತನ್ನ ಅಜ್ಜನ ಫೋಟೋ ಮಾಡಿಸಲು ಬಂದು ಅವನ ಪಕ್ಕದಲ್ಲೇ ಕುಳಿತಳು.

"ಕಾಕಾ, ಅಜ್ಜನ್ನ ಯಾಕ ಹಿಂಡಲಿಕ್ಕೆ ಹತ್ತೀರಿ? ಇದ್ದಾಗ ಅಜ್ಜಿ ಹಿಂಡಿದ್ದು ಸಾಲಲಿಲ್ಲೇನು?"

ರಘೋತ್ತಮ ನಕ್ಕ. ಅವಳು ಮೌಸ್ ಇಸಕೊಂಡು ಪರದೆಯ ಮೇಲೆ ಒಂದು ವೃತ್ತ ಎಳೆದಳು. ಅದು ಅಡ್ಡ ಮಲಗಿಸಿದ ತತ್ತಿಯ ಹಾಗೆ ಕಂಡಿತು. ಅವನ ನಗು ನಿಂತಿತು.

ಸೆಟ್ಟಿಂಗಿನ ಪಟ್ಟಿಯಲ್ಲಿ ಚೌಕ ಅಳತೆಗಳಷ್ಟೇ ಇದ್ದವು. ತಂತಿಯ ನಡುವೆ ಹಾಕಿದ ಕನ್ವರ್ಟರ್ ಮಾನಿಟರಿನ ಗುರುತನ್ನು ಕಂಪ್ಯೂಟರಿಗೆ ಮುಟ್ಟಿಸುತ್ತಿಲ್ಲ ಎಂದಳು ಜ್ಯೋತ್ಸ್ನಾ. ಆಮೇಲೆ ಆದೇಶ ಬರೆಯುವ ಟರ್ಮಿನಲ್ ತೆರೆದು, ಅಗಲ 1366, ಎತ್ತರ 768 ಎಂಬ ಹೊಸ ಅಳತೆಯನ್ನು ಮೂರು ಸಾಲಿನ ಆದೇಶದಲ್ಲಿ ಸೇರಿಸಿದಳು. ಪರದೆ ಒಮ್ಮೆ ಕಪ್ಪಾಗಿ ಬೆಳಗಿತು. ತತ್ತಿ ದುಂಡಗಾಗಿತ್ತು. ಮತ್ತೆ ಚಾಲೂ ಮಾಡಿದಾಗ ಅಳಿಸಿಹೋಗಬಾರದೆಂದು ಆ ಸಾಲುಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟಳು. ಎಲ್ಲ ಸೇರಿ ಚಹಾ ಆರುವಷ್ಟು ಹೊತ್ತಿನ ಕೆಲಸ.

ಅವಳು ಹೋದ ಮೇಲೆ ರಘೋತ್ತಮ ಗುರುಬಸವ್ವನ ಫೈಲ್ ತೆಗೆದ. ಗಲ್ಲ ಒಳಸೇರಿ, ಕತ್ತು ಕಡ್ಡಿಯಾಗಿದ್ದ ಹೆಂಗಸೊಬ್ಬಳು ಅವನನ್ನು ನೋಡುತ್ತಿದ್ದಳು. ಹಣೆಯ ಮೇಲೆ ಬಾದಾಮಿ ನಿಂತಿತ್ತು. ಶ್ರಾವಣದಿಂದೀಚೆಗೆ ಮಾಡಿದ ಫೈಲುಗಳನ್ನು ಒಂದೊಂದಾಗಿ ತೆರೆದ. ಹತ್ತೊಂಬತ್ತು ಮನೆಗಳ ಗೋಡೆ. ಫೋಟೋ ಹೊತ್ತು ತಿರುಗಿ ಬಂದು ಕೇಳಿದವಳು ಮಾತ್ರ ಒಬ್ಬಳೇ.

ಎಲ್ಲಕ್ಕಿಂತ ಮೊದಲು ಗುರುಬಸವ್ವನ ಮುಖ ಸರಿಮಾಡಿ ಕಳಿಸಿದ. ಹೊಸ ಫೋಟೋ ಬೆಳಗಾವಿಯಿಂದ ಬಂದಾಗ ಮೊದಲ ಸಲ ಕಾಗದ ಬಿಚ್ಚಿ ನೋಡಿದ. ಅದನ್ನು ತೊಡೆಯ ಮೇಲಿಟ್ಟುಕೊಂಡು ಮುರಗೋಡದ ಬಸ್ಸಿನಲ್ಲಿ ಕುಳಿತ.

ಪಡಸಾಲೆಯಲ್ಲಿ ಗುರುಬಸವ್ವನ ಗಂಡ ಅಂದಾನೆಪ್ಪ ಇದ್ದ. ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಆಮೇಲೆ, "ಇಕಿ ನೋಡ್ರಿ ನಮ್ಮಾಕಿ," ಎಂದ. ದನಿ ಇಳಿಸಿ, "ಆ ಫೋಟೋ ನೋಡಿ ನೋಡಿ, ನಾನೂ ಸೊಸಿಗಿ ಒಂದ ಮಾತ ಅಂದಬಿಟ್ಟೇನ್ರಿ," ಎಂದ.

ಚಹಾ ತಂದ ವಿಜಯ ಅದನ್ನು ಕೇಳಿಸಿಕೊಂಡಳು. ಮಾವನ ಕಡೆ ತಿರುಗಲಿಲ್ಲ.

"ತಪ್ಪ ನಂದವ್ವಾ," ಎಂದ ರಘೋತ್ತಮ. "ಯಾರ ಮುಂದ ಬೇಕಾದ್ರೂ ಹೇಳ್ತೇನಿ."

"ಬಂದವ್ರೆಲ್ಲಾ ನೋಡಿ ಹೋಗ್ಯಾರ್ರಿ. ಮತ್ತ ಕರದು ತೋರಸಾಕ ಬರ್ತೈತೇನು?" ಎಂದಳು ವಿಜಯ. ಆದರೂ ರಾಮದುರ್ಗದಲ್ಲಿದ್ದ, ಅತ್ತೆಯ ತಂಗಿ ರಾಚವ್ವನಿಗೆ ಫೋನ್ ಹಚ್ಚಿ ಅವನ ಮುಂದೆ ಹಿಡಿದಳು. "ಇಕಿಗಾದ್ರೂ ಹೇಳ್ರಿ."

ರಘೋತ್ತಮ ಮಾನಿಟರು, ಕನ್ವರ್ಟರು, ಅಳತೆ ಎಲ್ಲ ಹೇಳಿದ. ತನ್ನ ಕಣ್ಣೇ ತಪ್ಪಿತೆಂದೂ ಹೇಳಿದ. ರಾಚವ್ವ ಪೂರ್ತಿ ಕೇಳಿದಳು.

"ಬಿಡ್ರಿ, ಅಕಿ ಅತ್ತು ಕರದು ನಿಮ್ಮನ್ನ ಕರಸ್ಯಾಳ. ಯಂತ್ರ ಸುಳ್ಳ ಹೇಳೂದಿಲ್ಲ ಅಂತ ನೀವ ಅಂದೀರಂತ, ಅವತ್ತ ನಿಮ್ಮ ಸ್ಟುಡಿಯೋದಿಂದ ಬಂದು ಅಕೀನ ಹೇಳ್ಯಾಳ. ನಾ ಊರೆಲ್ಲಾ ಹೇಳೇನಿ. ಈಗ ಯಂತ್ರ ಸುಳ್ಳ ಹೇಳತೈತೇನು?"

ಫೋನ್ ಕಟ್ಟಾಯಿತು. ವಿಜಯ ಹಳೆಯ ಫೋಟೋ ಇಳಿಸಿ, ಅದೇ ಮೊಳೆಗೆ ಹೊಸದನ್ನು ಹಾಕಿದಳು. ರಘೋತ್ತಮನ ಚಹಾ ಕೆನೆಗಟ್ಟಿತ್ತು. ಅವಳು ಕಪ್ಪನ್ನು ಎತ್ತಿಕೊಂಡು, "ಬಿಸಿ ಮಾಡಿ ಕೊಡ್ತೇನಿ, ಕುಂದರ್ರಿ," ಎಂದು ಒಳಗೆ ಹೋದಳು.