ಸಿಡಿಲು ಇಳಿದು ಹೋದ ಹಸಿರು ವೈರು

ನನ್ನ ಹೆಂಡತಿಯ ಎರಡೂ ಕಿವಿಗಳಲ್ಲಿ ಹೆಡ್‌ಫೋನ್ ಇತ್ತು. ಅದರ ವೈರು ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿನ ಕೇಬಲ್ಲು ಕಿಟಕಿಯಾಚೆ, ಅಲ್ಲಿಂದ ತಾರಸಿಯ ಮೇಲಿನ ಇಂಟರ್ನೆಟ್ ಡಬ್ಬಕ್ಕೆ. ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಸೈಟಿನ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು.

ಸಂಜೆ ನಾಲ್ಕು ಗಂಟೆ. ಇಡೀ ಕೋಣೆ ಬೆಳ್ಳಗಾಯಿತು. ಸದ್ದು ಕೇಳಿಸಿತು ಅನ್ನುವುದಕ್ಕಿಂತ ಎದೆಗೆ ಗುದ್ದಿತು ಅನ್ನಬೇಕು. ಅವಳು ಅಲುಗಾಡಲಿಲ್ಲ. ನಿಜ ಹೇಳುತ್ತೇನೆ, ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ.

ಆಮೇಲೆ ಅವಳು ಹೆಡ್‌ಫೋನ್ ತೆಗೆದು, ‘ರೀ, ಕಾಲ್ ಕಟ್ಟಾಯ್ತು’ ಅಂದಳು. (ಗುಡುಗುವಾಗ ಕೇಬಲ್ ಕಿತ್ತಿಡು ಎಂದು ಹೇಳುವುದು ಬಿಟ್ಟು ಬೋಂಡಾ ತಿನ್ನುತ್ತಿದ್ದವನು ನಾನೇ.)

ಎದುರುಮನೆಯವರದು ಬೇರೆ ಕಥೆ. ರೂಟರ್, ಟೀವಿ ಎರಡೂ ಸುಟ್ಟಿದ್ದವು. ಗೋಡೆಯ ಸಾಕೆಟ್ ಕಿತ್ತು ಬಿದ್ದಿತ್ತು. ಅದೇ ಸಿಡಿಲು, ಅದೇ ಇಂಟರ್ನೆಟ್ಟು. ನಮ್ಮಲ್ಲಿ ಲ್ಯಾಪ್‌ಟಾಪ್ ಕೂಡ ಆರಾಮ! ಹೇಗೆ?

ಮಾರನೇ ದಿನ ರಿಪೇರಿಗೆ, ನಮ್ಮ ರಸ್ತೆಗೆಲ್ಲ ಇಂಟರ್ನೆಟ್ ಹಾಕಿಕೊಟ್ಟ ಸಲೀಂ ಬಂದ. ತಾರಸಿಯ ಡಬ್ಬ ತೆರೆದು, ಬೆರಳುದ್ದದ ಒಂದು ಪೆಟ್ಟಿಗೆಯನ್ನು ಅಂಗೈಯಲ್ಲಿಟ್ಟು ತೋರಿಸಿದ. ಕರಕಲಾಗಿತ್ತು. ಸರ್ಜ್ ಪ್ರೊಟೆಕ್ಟರ್ ಅಂತೆ. ಕೇಬಲ್ಲಿನಲ್ಲಿ ನುಗ್ಗಿ ಬರುವ ಸಿಡಿಲಿನ ಕರೆಂಟನ್ನು ಮನೆಯೊಳಗೆ ಬಿಡದೆ, ಹಸಿರು ವೈರಿನ ಮೂಲಕ ನೆಲಕ್ಕೆ ಕಳಿಸುವುದು ಅದರ ಕೆಲಸ.

‘ಇದು ಸತ್ತೋಗಿದೆ ಸಾರ್. ಅದಕ್ಕೇ ಮೇಡಂ ಚೆನ್ನಾಗಿದಾರೆ. ಸಿಡ್ಲು ನೇರ ಡಬ್ಬಕ್ಕೇ ಹೊಡ್ದಿದ್ರೆ ಇದೂ ಏನೂ ಮಾಡ್ತಿರ್ಲಿಲ್ಲ.’

‘ಎದುರುಮನೆಗೂ ಹಾಕಿದ್ದೆಯಲ್ಲಪ್ಪ?’

ಸಲೀಂ ತಲೆ ಕೆರೆದುಕೊಂಡ. ‘ಹಾಕಿದ್ದೆ ಸಾರ್. ಹಸಿರು ವೈರು ಕೆಳಗಿನ ತನಕ ಎಳೆಯೋಕೆ ಬೇಜಾರಾಗಿ ಕಿಟಕಿ ಗ್ರಿಲ್ಲಿಗೆ ಕಟ್ಬಿಟ್ಟೆ. ಎಲ್ರೂ ಹಂಗೇ ಕಟ್ಟೋದು. ಇಲ್ಲೂ ನಿಮ್ ಗ್ರಿಲ್ಲಿಗೇ ಕಟ್ತಿದ್ದೆ. ಓನರ್ ಬಿಡ್ಲಿಲ್ಲ, ಗೇಟಿನ ಹತ್ರದ ಗುಂಡಿ ತನಕ ಎಳೆಸಿದ್ರು.’

ನನ್ನ ಹೆಂಡತಿ ಕೂರುವುದು ಆ ಗ್ರಿಲ್ಲಿಗೆ ಒರಗಿಕೊಂಡೇ.

ಓನರ್ ಅಂದರೆ ಮುನಿಯಪ್ಪನವರು. ಜೆ.ಪಿ. ನಗರದ ನಮ್ಮ ರಸ್ತೆ ಒಂದು ಕಾಲಕ್ಕೆ ಅವರ ರಾಗಿ ಹೊಲ. ಗೇಟಿನ ಪಕ್ಕ ಅರ್ಥಿಂಗ್ ಗುಂಡಿ ಇದೆ: ನೆಲದಲ್ಲಿ ಹೂತ ತಾಮ್ರದ ಸರಳು, ಸುತ್ತ ಇದ್ದಿಲು, ಉಪ್ಪು. ಬೇಸಿಗೆಯಲ್ಲಿ ದಿನಾ ಬೆಳಗ್ಗೆ ಅವರು ಅದಕ್ಕೊಂದು ಬಿಂದಿಗೆ ನೀರು ಹುಯ್ಯುತ್ತಾರೆ. ಟ್ಯಾಂಕರ್ ನೀರಿಗೆ ಬಾಯಿಬಿಡುವ ಈ ಕಾಲದಲ್ಲಿ! ‘ಫಸಲು ಯಾವಾಗ ಮುನಿಯಪ್ನೋರೇ?’ ಎಂದು ನಾನು ರೇಗಿಸಿದ್ದೂ ಉಂಟು.

ಅವತ್ತು ಕೆಳಗಿಳಿದು ಹೋಗಿ ಕೈಮುಗಿದೆ. (ಮಾತಿಗೆ ಹೇಳುತ್ತಿಲ್ಲ, ನಿಜಕ್ಕೂ ಮುಗಿದೆ.) ಅವರಿಗೆ ಮುಜುಗರವಾಯಿತು.

‘ಒಣ್ಗಿದ್ ನೆಲ ಏನೂ ಕುಡಿಯಲ್ಲ ಸಾರ್. ಮಳೇನೂ ಕುಡಿಯಲ್ಲ, ಕರೆಂಟೂ ಕುಡಿಯಲ್ಲ’ ಎಂದು ಬಿಂದಿಗೆ ಬಗ್ಗಿಸಿದರು.

ಆಕಾಶದಿಂದ ಬಂದದ್ದು ನನ್ನವಳು ಕೂರುವ ಕಿಟಕಿಯ ಪಕ್ಕದ ಗೋಡೆಯಲ್ಲೇ ಇಳಿದು, ಈ ಒದ್ದೆ ಮಣ್ಣಿಗೆ ಸೇರಿಹೋಗಿತ್ತು. ಬಂದು ಹೋದ ಒಂದು ಗುರುತೂ ಅಲ್ಲಿರಲಿಲ್ಲ. ಒಂದು ಇರುವೆ ಆರಾಮಾಗಿ ಓಡಾಡುತ್ತಿತ್ತು. ಬೆರಗಿನಿಂದ ನೋಡುತ್ತಾ ನಿಂತೆ, ಆಫೀಸಿಗೆ ಲೇಟಾಯಿತು.

ಮನೆ ಹುಡುಕುವಾಗ ವಾಸ್ತು ಕೇಳುತ್ತೇವೆ, ವೈಫೈ ಸ್ಪೀಡ್ ಕೇಳುತ್ತೇವೆ. ಸಿಡಿಲು ಬಂದರೆ ಯಾವ ದಾರಿಯಲ್ಲಿ ಹೋಗಬೇಕು ಅಂತ ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ?